ಮಣ್ಣಿನೊಳಗಣ ಶಾಖದ ಅಲೆಗಳು ಮತ್ತು ಫೂರಿಯೇ ಪಂಡಿತನ ಲೆಕ್ಕ

ವ್ಯವಸಾಯ ಕ್ಷೇತ್ರಗಳಿಗೆ ಸೇರಿದ ಹವಾ ವೀಕ್ಷಣಾಲಯಗಳಲ್ಲಿ 5, 10 ಮತ್ತು 20 ಸೆಂಟಿಮೀಟರು ಆಳದಲ್ಲಿ ಉಷ್ಣಮಾಪಕಗಳನ್ನು ಹುಗಿದು, ಬೆಳಿಗ್ಗೆ 7 ಘಂಟೆಗೊಮ್ಮೆ, ಮಧ್ಯಾಹ್ನ 2 ಘಂಟೆಗೊಮ್ಮೆ ನೋಡಿ ಬರೆದಿಡುವ ಪದ್ಧತಿಯುಂಟು. ಈ ಎರಡು ಅಂಕಿಗಳನ್ನು ಕೂಡಿಸಿ ಅರ್ಧಮಾಡಿ, ಅದೇ ಆ ದಿನದ ಸರಾಸರಿ ಶಾಖವೆಂದು ಭಾವಿಸುವವರು ನಮ್ಮಲ್ಲಿ ಅನೇಕರಿರುವರು. ಬಿತ್ತನೆಯ ಕಾಲವನ್ನಾಗಲಿ ಬೀಜದ ಆಳವನ್ನಾಗಲಿ ಇಂಥ ಸರಾಸರಿಯ ಆಧಾರದಿಂದ ನಿಶ್ಚಯಿಸಹೊರಟರೆ ಮೋಸಹೋಗುವ ಸಂಭವವು ಬಹಳವಾಗಿದೆ. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಸುಮಾರು ಇನ್ನೂರು ವರ್ಷಗಳ ಹಿಂದಿನ ಒಂದು ಗಣಿತಶಾಸ್ತ್ರದ ಮಾತನ್ನು ಎತ್ತಬೇಕಾಗುತ್ತದೆ.

ಫ್ರಾನ್ಸ್ ದೇಶದ ಓಸೇರ್ ಪಟ್ಟಣದಲ್ಲಿ 1768ರಲ್ಲಿ ಒಬ್ಬ ದರ್ಜಿಯ ಮಗನಾಗಿ ಹುಟ್ಟಿದ ಜೋಸೆಫ್ ಫೂರಿಯೇ ಎಂಬಾತನು, ಗ್ರೆನೋಬಲ್ಲಿನಲ್ಲಿ ಪ್ರಾಂತಾಧಿಕಾರಿಯಾಗಿದ್ದುಕೊಂಡೇ, ಘನವಸ್ತುಗಳಲ್ಲಿ ಶಾಖವು ಹರಡುವ ಬಗೆಯನ್ನು ವಿಚಾರಿಸುತ್ತಿದ್ದನು. 1807ರಲ್ಲಿ ಆತನು ಒಪ್ಪಿಸಿದ ಪ್ರಬಂಧಕ್ಕೆ ಲಗ್ರಾಂಜನಂಥ ಮಹಾಪಂಡಿತನೇ ಆಕ್ಷೇಪಣೆ ತಂದನು. ಪೂರ್ಣ ಗ್ರಂಥವು ಅಚ್ಚಾದುದು 1822ರಲ್ಲಿ. ಅದರ ಸಾರವಿಷ್ಟು: ಒಂದೇ ಅವಧಿಯಲ್ಲಿ ಮರಳಿಮರಳಿ ಬರುವ ಏರಿಳಿತವು ಎಷ್ಟು ವಕ್ರವಾಗಿದ್ದರೂ, ಅದನ್ನು ಒಂದು ಸರಾಸರಿಯನ್ನಾಗಿಯೂ, ಅದರ ಮೇಲೆ ಅವಧಿಗೊಂದು ಸಲ, ಎರಡು ಸಲ, ಮೂರು ಸಲ ಏರಿಳಿಯುವ ನಯವಾದ ಅಲೆಗಳನ್ನಾಗಿಯೂ ಬಿಡಿಸಬಹುದು. ತಂಬೂರಿಯ ಒಂದು ತಂತಿಯನ್ನು ಮೀಟಿದರೆ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು ಕಂಪನವುಳ್ಳ ಸ್ವರಗಳೂ ಸೇರಿಕೊಂಡು ಒಂದೇ ನಾದವಾಗಿ ಕೇಳಿಸುವುದಷ್ಟೆ. ನುರಿತ ಕಿವಿಯು ಅವನ್ನು ಬೇರ್ಪಡಿಸುವಂತೆಯೇ ಈ ಲೆಕ್ಕವೂ ಬೇರ್ಪಡಿಸುತ್ತದೆ. ಇಂದು ಸಮುದ್ರದ ಉಬ್ಬರವಿಳಿತಗಳ ಮುನ್ಸೂಚನೆ, ಮಾತಿನ ಧ್ವನಿಯ ಶೋಧನೆ, ಉಪಗ್ರಹಗಳ ಚಿತ್ರಗಳಿಂದ ಬೆಳೆಯ ಹಸುರಿನ ಏರಿಳಿತವನ್ನು ಗುರುತಿಸುವುದು ಇವಕ್ಕೆಲ್ಲ ಈ ವಿಧಾನವೇ ಒದಗುತ್ತಿದೆ. ಆದರೆ ಇದು ಹುಟ್ಟಿದ್ದು ಶಾಖದ ವಿಚಾರದಲ್ಲಿ. ಭೂಮಿಯೊಳಕ್ಕೆ ಇಳಿಯುವ ಶಾಖವನ್ನೂ ಫೂರಿಯೇ ತಾನೇ ವಿವೇಚಿಸಿದ್ದನು.

ಹಗಲಿನ ಬಿಸಿಲಿಗೆ ಮೇಲ್ಮಣ್ಣು ಕಾಯುವುದು, ರಾತ್ರಿ ಆರುವುದು. ಈ ಏರಿಳಿತವು ಅಲೆಯಂತೆ ಕೆಳಗಿಳಿಯುತ್ತದೆ. ಇಳಿದಂತೆಲ್ಲ ಕುಗ್ಗುತ್ತದೆ, ತಡವೂ ಆಗುತ್ತದೆ. ಸಾಧಾರಣ ತೇವವಿರುವ ಮಣ್ಣಿನಲ್ಲಿ ಸುಮಾರು 12 ಸೆಂಟಿಮೀಟರು ಇಳಿಯುವಷ್ಟರಲ್ಲಿ ದಿನದ ಅಲೆಯು ನೂರಕ್ಕೆ 37ರಷ್ಟು ಮಾತ್ರ ಉಳಿಯುವುದು. ಅಲೆಯ ಅವಧಿಯು ಹೆಚ್ಚಿದಂತೆ ಈ ಆಳವು ಅವಧಿಯ ವರ್ಗಮೂಲದ ಪ್ರಮಾಣದಲ್ಲಿ ಹೆಚ್ಚುತ್ತದೆ. 365ರ ವರ್ಗಮೂಲವು ಸುಮಾರು 19 ಆದುದರಿಂದ, ಬೇಸಗೆ ಚಳಿಗಾಲಗಳ ವಾರ್ಷಿಕ ಅಲೆಯು ಅಷ್ಟೇ ಕುಗ್ಗಬೇಕಾದರೆ ಎರಡೂಕಾಲು ಮೀಟರಿಗೂ ಕೆಳಗೆ ಹೋಗಬೇಕು. ಅರ್ಧದಿನದ ಅಲೆಗಾದರೋ ಎಂಟೂವರೆ ಸೆಂಟಿಮೀಟರೇ ಸಾಕು. ಬೆಳಿಗ್ಗೆ ಬೇಗ ಏರಿ ರಾತ್ರಿ ಮೆಲ್ಲನೆ ಇಳಿಯುವ ಮೇಲ್ಮಣ್ಣಿನ ವಕ್ರರೇಖೆಯು ಕೆಳಗೆ ಹೋದಂತೆ ನಯವಾಗುವುದು ಇದರಿಂದಲೇ: ಸಣ್ಣ ಅಲೆಗಳನ್ನೆಲ್ಲ ಮಣ್ಣೇ ಜರಡಿ ಹಿಡಿದು ಬಿಡುತ್ತದೆ. ಎಡಿನ್‌ಬರೋ ನಗರದಲ್ಲಿ ಫೋರ್ಬ್ಸ್ ಎಂಬ ಪ್ರಾಧ್ಯಾಪಕನು 1837ರಿಂದ ಬಂಡೆಯಲ್ಲಿ, ಮರಳಿನಲ್ಲಿ, ಮರಳುಕಲ್ಲಿನಲ್ಲಿ ಹೀಗೆ ಮೂರು ಕಡೆ ಉಷ್ಣಮಾಪಕಗಳನ್ನು ಆಳವಾಗಿ ಹುಗಿಸಿ ಅಂಕಿಗಳನ್ನು ಕೂಡಿಸಿದ್ದನು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಲಿಯಂ ಥಾಮ್ಸನ್ 1860ರಲ್ಲಿ ಅವನ್ನು ಫೂರಿಯೇ ಕ್ರಮದಿಂದ ಬಿಡಿಸಿ, ಅಲೆ ಕುಗ್ಗಿದ ಮತ್ತು ತಡವಾದ ಪ್ರಮಾಣಗಳಿಂದಲೇ ಆಯಾ ನೆಲವು ಶಾಖವನ್ನು ಹರಿಯಗೊಡುವ ಶಕ್ತಿಯನ್ನು ಕಂಡುಹಿಡಿದನು.

ಈಗ ನಮ್ಮ ವೀಕ್ಷಣಾ ಪುಸ್ತಕಕ್ಕೆ ಬರೋಣ. ಬರಿಯ ಹೊಲದ ಮೇಲ್ಮೈಯಲ್ಲಿ ದಿನದ ಏರಿಳಿತವು ಒಟ್ಟು 30 ಡಿಗ್ರಿಯೆಂದೂ, ಅದು ಮಧ್ಯಾಹ್ನ 1 ಘಂಟೆಗೆ ಶಿಖರವನ್ನು ಮುಟ್ಟುವುದೆಂದೂ, ಎಲ್ಲ ಆಳಗಳಲ್ಲಿಯೂ ನಿಜವಾದ ಸರಾಸರಿ ಒಂದೇ ಎಂದೂ ಇಟ್ಟುಕೊಳ್ಳೋಣ. ದಿನದ ಅಲೆಯೊಂದನ್ನೇ ಲೆಕ್ಕಕ್ಕೆ ಹಿಡಿದರೆ, 5 ಸೆಂಟಿಮೀಟರಿನಲ್ಲಿ ಏರಿಳಿತವು 20 ಡಿಗ್ರಿಗೆ ಇಳಿದು ಶಿಖರವು 2 ಘಂಟೆ 36 ಮಿನಿಟಿಗೆ ಬರುವುದು. 20 ಸೆಂಟಿಮೀಟರಿನಲ್ಲಿ ಏರಿಳಿತವು 6 ಡಿಗ್ರಿಗೂ ಕಡಮೆ. ಶಿಖರವು ರಾತ್ರಿ ಸುಮಾರು 7 ಘಂಟೆ 20 ಮಿನಿಟಿಗೆ! ಎಂದರೆ ನಾವು 2 ಘಂಟೆಗೆ ನೋಡುವಾಗ ಮೇಲಿನ ಮಾಪಕವು ತನ್ನ ಗರಿಷ್ಠದ ಬಳಿಯಲ್ಲಿಯೂ, ಕೆಳಗಿನದು ಇನ್ನೂ ತನ್ನ ಸರಾಸರಿಯ ಬಳಿಯಲ್ಲಿಯೂ ಇರುವುವು; ಬೆಳಿಗ್ಗೆ 7 ಘಂಟೆಗೆ ಕೆಳಗಿನದು ತನ್ನ ಕನಿಷ್ಠದಲ್ಲಿರುವುದು. ಎರಡು ವೀಕ್ಷಣೆಗಳ ಸರಾಸರಿಯು 5 ಸೆಂಟಿಮೀಟರಿನಲ್ಲಿ ನಿಜಕ್ಕಿಂತ ಸುಮಾರು 3 ಡಿಗ್ರಿ ಹೆಚ್ಚಾಗಿಯೂ, 20 ಸೆಂಟಿಮೀಟರಿನಲ್ಲಿ ಒಂದು ಡಿಗ್ರಿಗಿಂತ ತುಸು ಹೆಚ್ಚಾಗಿ ಕಡಮೆಯಾಗಿಯೂ ಬರುತ್ತದೆ. ಮಣ್ಣಿನಲ್ಲಿ ಇಲ್ಲದ 4 ಡಿಗ್ರಿಯ ಅಂತರವೊಂದು ಕಾಗದದ ಮೇಲೆ ಹುಟ್ಟಿತು. ಮಾಪಕಕ್ಕಾಗಲಿ ವೀಕ್ಷಕನಿಗಾಗಲಿ ಇದರಲ್ಲಿ ದೋಷವಿಲ್ಲ. ನೋಡಿದ ಹೊತ್ತುಗಳದೇ ದೋಷ. ತಿಂಗಳುಗಟ್ಟಲೆ ಅಂಕಿಗಳನ್ನು ಕೂಡಿಸಿದರೂ ಇದು ನೀಗುವುದಿಲ್ಲ, ಏಕೆಂದರೆ ಪ್ರತಿದಿನವೂ ಅದೇ ಪಕ್ಕಕ್ಕೇ ವಾಲುತ್ತದೆ.

ಆರಾರು ಘಂಟೆಗೊಮ್ಮೆ ನಾಲ್ಕು ಸಲ ನೋಡಿದರೆ ಈ ತೊಡಕು ಬಹುಮಟ್ಟಿಗೆ ಬಿಡುವುದು. ಉದಾಹರಣೆಗೆ 10 ಸೆಂಟಿಮೀಟರಿನಲ್ಲಿ ಬೆಳಿಗ್ಗೆ 7ಕ್ಕೆ 25, ಮಧ್ಯಾಹ್ನ 1ಕ್ಕೆ 32, ಸಂಜೆ 7ಕ್ಕೆ 33, ರಾತ್ರಿ 1ಕ್ಕೆ 26 ಡಿಗ್ರಿ ಇದೆಯೆನ್ನೋಣ. ನಾಲ್ಕನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿದರೆ 29; ಇದು ಸರಾಸರಿ. ದಿನದ ಮತ್ತು ಅರ್ಧದಿನದ ಅಲೆಗಳೆರಡೂ ಇದರಲ್ಲಿ ತಾವಾಗಿಯೇ ಕಳೆದುಹೋಗುತ್ತವೆ. ಇನ್ನು ಸಂಜೆ 7ರ ಅಂಕಿಯಲ್ಲಿ ಬೆಳಿಗ್ಗೆ 7ರದನ್ನು ಕಳೆದು ಅರ್ಧಮಾಡಿದರೆ 4. ಮಧ್ಯಾಹ್ನ 1ರದರಲ್ಲಿ ರಾತ್ರಿ 1ರದನ್ನು ಕಳೆದು ಅರ್ಧಮಾಡಿದರೆ 3. ಇವೆರಡರ ವರ್ಗಗಳ ಮೊತ್ತ 25. ಅದರ ವರ್ಗಮೂಲ 5. ದಿನದ ಅಲೆಯು ಸರಾಸರಿಯಿಂದ ಮೇಲಕ್ಕೆ 5, ಕೆಳಕ್ಕೆ 5 ಡಿಗ್ರಿ ಆಡುತ್ತದೆಂದಾಯಿತು. ಶಿಖರದ ಹೊತ್ತು ಬೇಕಾದರೆ ಕಾಗದದ ಮೇಲೆ ಅಡ್ಡಲಾಗಿ 3 ಅಳತೆ, ಅದರ ತುದಿಯಿಂದ ನೇರ ಮೇಲಕ್ಕೆ 4 ಅಳತೆ ಎಳೆದು, ಮೊದಲ ಬಿಂದುವನ್ನೂ ಕೊನೆಯ ಬಿಂದುವನ್ನೂ ಕೂಡಿಸಿ, ಮೊದಲ ಬಿಂದುವಿನಲ್ಲಿ ಆಗುವ ಕೋನವನ್ನು ಅಳೆಯಬೇಕು. ಇಲ್ಲಿ ಅದು 53 ಡಿಗ್ರಿ. ಘಂಟೆಗೆ 15 ಡಿಗ್ರಿಯಂತೆ ಮಧ್ಯಾಹ್ನ 1ರಿಂದ ಎಣಿಸಿದರೆ 4 ಘಂಟೆ 32 ಮಿನಿಟು. ಇಷ್ಟಕ್ಕೆ ಸೀಸದಕಡ್ಡಿಯೂ ಒಂದು ಕೋನಮಾಪಕವೂ ಸಾಕು. ಗಣಿತವೆಂದು ಹೆದರುವವರು ಒಮ್ಮೆ ಮಾಡಿನೋಡಲಿ.

ರಾತ್ರಿ 1 ಘಂಟೆಗೆ ಎದ್ದು ಹೊಲಕ್ಕೆ ಹೋಗೆಂದು ಯಾರಿಗೂ ಹೇಳುವಂತಿಲ್ಲ. ಈಗ ವಿದ್ಯುತ್ಕಣ ಯಂತ್ರಗಳು ಘಂಟೆಗೊಮ್ಮೆ ತಾವೇ ಬರೆದುಕೊಳ್ಳುತ್ತವೆ. ಕೂಲಿ ಮತ್ತು ಟ್ಯೂಕಿ ಎಂಬಿಬ್ಬರು 1965ರಲ್ಲಿ ಪ್ರಕಟಿಸಿದ ಶೀಘ್ರ ಕ್ರಮದಿಂದ ಸಾವಿರಾರು ಅಂಕಿಗಳನ್ನು ಗಣಕಯಂತ್ರವು ಕ್ಷಣದಲ್ಲಿ ಬಿಡಿಸಿಕೊಡುತ್ತದೆ. ಅಂಥ ಸೌಕರ್ಯವಿಲ್ಲದ ಕಡೆ, ಋತುವಿಗೆ ನಾಲ್ಕಾರು ನಿರ್ಮಲ ದಿನಗಳಲ್ಲಾದರೂ ನಾಲ್ಕು ಸಲ ನೋಡಿ, ಎರಡು ವೀಕ್ಷಣೆಗಳ ಸರಾಸರಿಯು ಆಯಾ ಆಳದಲ್ಲಿ ಎಷ್ಟು ವಾಲುತ್ತದೆಂಬುದನ್ನು ಗುರುತಿಸಿಟ್ಟುಕೊಂಡು ಹಳೆಯ ಅಂಕಿಗಳನ್ನು ತಿದ್ದಿಕೊಳ್ಳಬಹುದು. ಮಳೆ ಬಂದ ದಿನವನ್ನೂ ನೀರು ಹಾಯಿಸಿದ ದಿನವನ್ನೂ ಇದಕ್ಕೆ ಆರಿಸಿಕೊಳ್ಳಬಾರದು. ಅಂದು ಅಲೆಯು ಮರುದಿನ ಮರಳಿ ಬರುವುದಿಲ್ಲವಾದುದರಿಂದ ಲೆಕ್ಕದ ಬುಡವೇ ಕಳಚುತ್ತದೆ. ತೇವದ ಮಣ್ಣಿಗೂ ತೀರ ಒಣಗಿದ ಮಣ್ಣಿಗೂ, ಬರಿಯ ನೆಲಕ್ಕೂ ಹುಲ್ಲು ಹೊದಿಸಿದ ನೆಲಕ್ಕೂ ತಿದ್ದುಪಡಿಯು ಬೇರೆಬೇರೆಯಾಗಿರುವುದರಿಂದ, ಅಂಕಿಯ ಪಕ್ಕದಲ್ಲಿಯೇ ನೆಲದ ಸ್ಥಿತಿಯನ್ನೂ ಎರಡು ಮಾತಿನಲ್ಲಿ ಬರೆದಿಡತಕ್ಕದ್ದು.