ಅಳಿಯದ ಮಸಿ: ಮನೆಯ ವಸ್ತುಗಳ ಮೇಲಿನ ಕಲೆಯೂ ಅದರ ನಿವಾರಣೆಯೂ

ಅಂಗಡಿಗಳಲ್ಲಿ ಪರ್ಮನೆಂಟ್ ಮಾರ್ಕರ್ ಎಂಬ ಹೆಸರಿನಿಂದ ದೊರೆಯುವ ಲೇಖನಿಯು ಇಂದು ಕಾಲೇಜಿನ ತರಗತಿಯಿಂದ ಅಡುಗೆಮನೆಯ ಡಬ್ಬಿಯವರೆಗೆ ಎಲ್ಲೆಡೆಯೂ ಬಳಕೆಯಲ್ಲಿದೆ. ಅದರ ಗೆರೆಯು ಮೇಜು, ಗೋಡೆ, ಪಾತ್ರೆಗಳ ಮೇಲೆ ಬಿದ್ದಾಗ ನೀರಿನಿಂದಲಾಗಲಿ ಸಾಬೂನಿನಿಂದಲಾಗಲಿ ಹೋಗುವುದಿಲ್ಲ. ಆಗ ಕೈಗೆ ಸಿಕ್ಕಿದ ದ್ರವವನ್ನೆಲ್ಲ ಸುರಿದು ಉಜ್ಜುವ ಅಭ್ಯಾಸ ನಮ್ಮಲ್ಲಿ ಸಾಮಾನ್ಯವಾಗಿದೆ. ಕಲೆಯೊಡನೆ ವಸ್ತುವಿನ ಮೈಯೂ ಹಾಳಾಗುವುದುಂಟು. ಕಲೆ ಹೋಗುವುದೂ ಹೋಗದಿರುವುದೂ ಯಾವ ಕಾರಣದಿಂದ ಎಂಬುದನ್ನು ಮಸಿಯ ಇತಿಹಾಸದ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ, ‘ಅಳಿಯದ ಮಸಿ’ ಎಂಬುದು ಒಂದೇ ವಸ್ತುವಲ್ಲವೆಂಬುದನ್ನು ನಾವು ಗಮನಿಸಬೇಕು. ನಮ್ಮ ಓಲೆಗರಿಯ ಗ್ರಂಥಗಳಲ್ಲಿ ಅಕ್ಷರಗಳನ್ನು ಕಬ್ಬಿಣದ ಕಂಟದಿಂದ ಕೊರೆದು, ಆ ಗೀರುಗಳಲ್ಲಿ ದೀಪದ ಕಾಡಿಗೆಯನ್ನು ತುಂಬುತ್ತಿದ್ದರು. ಕಾಡಿಗೆಯೆಂದರೆ ಇಂಗಾಲ, ಅದು ನೀರಿನಲ್ಲಿಯೂ ಮದ್ಯಸಾರದಲ್ಲಿಯೂ ಕರಗದು. ಅಲ್ಲಿ ಬರಹ ಉಳಿದಿರುವುದು ಗೀರಿನ ಆಳದಿಂದ ಮತ್ತು ಇಂಗಾಲದ ಸ್ವಭಾವದಿಂದ. ಇದಕ್ಕೆ ತೀರ ವಿರುದ್ಧವಾದುದು ಕಡತ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಲೇಪಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಈ ಸಾಧನದಲ್ಲಿ ಅಕ್ಷರವು ಮೇಲ್ಮೈಯ ಮೇಲೆ ಮಾತ್ರ ನಿಲ್ಲುತ್ತಿತ್ತು. ಬೇಡವಾದಾಗ ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಕರಿಯ ಬಣ್ಣ ಎರಡರಲ್ಲಿಯೂ ಇಂಗಾಲದ್ದೇ; ಆದರೆ ಒಂದರಲ್ಲಿ ಬರಹ ಮೈಯ ಒಳಗಿದೆ, ಇನ್ನೊಂದರಲ್ಲಿ ಹೊರಗಿದೆ.

ಮೂರನೆಯ ಬಗೆಯ ಮಸಿಯು ತಾನು ಬಿದ್ದೆಡೆಯಲ್ಲಿ ರಾಸಾಯನಿಕವಾಗಿ ಬದಲಾಗತಕ್ಕದ್ದು. ಮಾಚಿಕಾಯಿಯ ಒಗರು ರಸಕ್ಕೆ ಅನ್ನಭೇದಿಯನ್ನು ಬೆರೆಸಿ ಮಾಡಿದ ಮಸಿ ಬರೆದಾಗ ಮಸುಕಾಗಿದ್ದು, ಗಾಳಿಯ ಸಂಪರ್ಕದಿಂದ ಕಪ್ಪಾಗುತ್ತದೆ. ಚುನಾವಣೆಯಲ್ಲಿ ಮತದಾರರ ಬೆರಳಿಗೆ ಹಚ್ಚುವ ಮಸಿಯೂ ಈ ವರ್ಗಕ್ಕೆ ಸೇರುತ್ತದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು 1962ರ ಮಹಾಚುನಾವಣೆಯಿಂದ ಈ ಮಸಿಯನ್ನು ಒದಗಿಸುತ್ತ ಬಂದಿದೆ. ಇದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದೊಡನೆ ಸಂಯೋಗ ಹೊಂದಿ ಬೆಳಕಿನಲ್ಲಿ ಕಪ್ಪಾಗುತ್ತದೆ. ಚರ್ಮ ಸವೆದು ಉಗುರು ಬೆಳೆದಾಗಲೇ ಅದು ಹೋಗುವುದು.

ಮಾರ್ಕರಿನ ಮಸಿ ಈ ಯಾವ ಗುಂಪಿಗೂ ಪೂರ್ಣವಾಗಿ ಸೇರದು. ಫೆಲ್ಟಿನ ತುದಿಯುಳ್ಳ ಲೇಖನಿಗೆ ಅಮೆರಿಕದಲ್ಲಿ 1910ರಷ್ಟು ಹಿಂದೆಯೇ ಪೇಟೆಂಟ್ ದೊರೆತಿತ್ತು. 1953ರಲ್ಲಿ ಸಿಡ್ನಿ ರೋಸೆಂತಾಲ್ ಎಂಬುವನು ಗಾಜಿನ ಕುಪ್ಪಿಯಲ್ಲಿ ಮಸಿ ತುಂಬಿ, ಉಣ್ಣೆಯ ಫೆಲ್ಟನ್ನು ಬತ್ತಿಯಾಗಿ ಇರಿಸಿದ ‘ಮ್ಯಾಜಿಕ್ ಮಾರ್ಕರ್’ ಅನ್ನು ಮಾರಾಟಕ್ಕೆ ತಂದನು. 1964ರಲ್ಲಿ ‘ಶಾರ್ಪಿ’ ಬಂದ ಮೇಲೆ ಈ ಲೇಖನಿ ಜೇಬಿನಲ್ಲಿ ಇರಿಸಿಕೊಳ್ಳುವ ಸಾಧನವಾಯಿತು. ಇದರ ಮಸಿಯಲ್ಲಿ ಮುಖ್ಯವಾಗಿ ಮೂರು ಅಂಗಗಳಿವೆ: ಬಣ್ಣ ಕೊಡುವ ವರ್ಣದ್ರವ್ಯ, ಅದನ್ನು ಮೈಗೆ ಅಂಟಿಸುವ ರಾಳ, ಎರಡನ್ನೂ ಕರಗಿಸಿಟ್ಟುಕೊಂಡಿರುವ ದ್ರಾವಕ. ಹಿಂದೆ ಝೈಲೀನ್, ಟಾಲ್ವೀನ್‌ಗಳು ದ್ರಾವಕಗಳಾಗಿದ್ದವು. ಇಂದು ಬಹುಮಟ್ಟಿಗೆ ಆಲ್ಕೊಹಾಲ್ ವರ್ಗದ ದ್ರಾವಕಗಳು ಆ ಸ್ಥಾನದಲ್ಲಿವೆ. ಬರೆದೊಡನೆ ದ್ರಾವಕ ಆರಿಹೋಗುತ್ತದೆ. ರಾಳವೂ ಬಣ್ಣವೂ ತೆಳುವಾದ ಪೊರೆಯಾಗಿ ಉಳಿಯುತ್ತವೆ. ಆ ಪೊರೆ ನೀರಿನಲ್ಲಿ ಕರಗದು ಎಂಬುದೇ ‘ಪರ್ಮನೆಂಟ್’ ಎಂಬ ಮಾತಿನ ಅರ್ಥ. ಈ ಶಾಶ್ವತತ್ವ ನೀರಿನ ಮಟ್ಟಿಗೆ ಮಾತ್ರ ನಿಜ.

ಇದರಿಂದ ನಿವಾರಣೆಯ ತತ್ತ್ವ ತಾನಾಗಿ ಹೊರಡುತ್ತದೆ. ಯಾವ ದ್ರಾವಕದಲ್ಲಿ ಮಸಿ ಕರಗಿತ್ತೋ ಅದೇ ಜಾತಿಯ ದ್ರಾವಕವು ಒಣಗಿದ ಪೊರೆಯನ್ನು ಪುನಃ ಕರಗಿಸಬಲ್ಲದು. ಔಷಧದಂಗಡಿಯ ಸರ್ಜಿಕಲ್ ಸ್ಪಿರಿಟ್, ಕೈಗೆ ಹಚ್ಚುವ ಸ್ಯಾನಿಟೈಸರ್ ಇವು ಕಲೆಯನ್ನು ಬಿಡಿಸುವುದು ಇದೇ ಕಾರಣದಿಂದ. ಆದರೆ ಕರಗಿದ ಬಣ್ಣ ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆ ಉಳಿಯುತ್ತದೆ. ಅದು ಬಟ್ಟೆಗೆ ಬಂದರೆ ಕೆಲಸ ಸಾಧಿಸಿತು. ವಸ್ತುವಿನ ರಂಧ್ರಗಳಿಗೆ ಇಳಿದರೆ ಕಲೆ ಹಬ್ಬಿತು. ಆದುದರಿಂದ ಸ್ಪಿರಿಟನ್ನು ವಸ್ತುವಿನ ಮೇಲೆ ಸುರಿಯದೆ, ಬಿಳಿಯ ಬಟ್ಟೆಯ ತುಂಡಿಗೆ ಸ್ವಲ್ಪ ಹಚ್ಚಿ, ಕಲೆಯ ಅಂಚಿನಿಂದ ನಡುವಿಗೆ ಒತ್ತಿ ಒತ್ತಿ ತೆಗೆಯಬೇಕು. ಬಟ್ಟೆಯ ಮಗ್ಗುಲನ್ನು ಆಗಾಗ ಬದಲಾಯಿಸಬೇಕು. ಕೊನೆಗೆ ಸಾಬೂನು ನೀರಿನಿಂದ ಒರೆಸಬೇಕು. ಇದಕ್ಕೆಲ್ಲ ಮುಂಚೆ ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಪರೀಕ್ಷಿಸಿ ನೋಡತಕ್ಕದ್ದು.

ಈಗ ಮೇಲ್ಮೈಗಳ ವಿಚಾರ. ಗಾಜು, ಉಕ್ಕಿನ ಪಾತ್ರೆ, ಹೊಳಪು ಲೇಪವಿರುವ ಟೈಲ್ಸ್ ಇವುಗಳಲ್ಲಿ ರಂಧ್ರಗಳು ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ಸ್ಪಿರಿಟ್ ಒಂದೇ ಸಾಕು. ತರಗತಿಯ ಬಿಳಿಹಲಗೆಯ ಮೇಲೆ ತಪ್ಪಿ ಈ ಮಾರ್ಕರಿನಿಂದ ಬರೆದಿದ್ದರೆ, ಅದೇ ಅಕ್ಷರಗಳ ಮೇಲೆ ಬಿಳಿಹಲಗೆಯ ಮಾರ್ಕರಿನಿಂದ ಬರೆದು ಕೂಡಲೇ ಒರೆಸಬಹುದು. ಆ ಹಸಿ ಮಸಿಯಲ್ಲಿರುವ ದ್ರಾವಕ ಹಳೆಯ ಪೊರೆಯನ್ನು ಸಡಿಲಿಸುತ್ತದೆ. ಅದರಲ್ಲಿ ಸೇರಿಸಿರುವ ಜಿಡ್ಡಿನಂಥ ಪದಾರ್ಥವು ಎರಡನ್ನೂ ಹಲಗೆಗೆ ಅಂಟಗೊಡದು.

ಮರದ ಸಾಮಾನುಗಳಲ್ಲಿ ಹೆಚ್ಚಿನ ಎಚ್ಚರ ಬೇಕು. ನಮ್ಮ ಮನೆಗಳ ಹಳೆಯ ಮೇಜು ಕುರ್ಚಿಗಳಿಗೆ ಹಚ್ಚಿದ ಫ್ರೆಂಚ್ ಪಾಲಿಷ್ ಎಂದರೆ ಸ್ಪಿರಿಟಿನಲ್ಲಿ ಕರಗಿಸಿದ ಅರಗು. ಅಲ್ಲಿ ಸ್ಪಿರಿಟನ್ನು ಬಳಸಿದರೆ ಮಸಿಗಿಂತ ಮೊದಲೇ ಪಾಲಿಷ್ ಕರಗಿ ಮರದ ಮೇಲೆ ಬಿಳಿಯ ಮಚ್ಚೆ ಏಳಬಹುದು. ಹಲ್ಲುಪುಡಿ, ಟೂತ್‌ಪೇಸ್ಟುಗಳಿಂದ ಉಜ್ಜುವವರೂ ಉಂಟು. ಇವು ಮಸಿಯನ್ನು ಕರಗಿಸುವುದಿಲ್ಲ, ನಯವಾದ ಕಣಗಳಿಂದ ಮೈಯನ್ನೇ ತುಸು ತುಸುವಾಗಿ ತೇಯುತ್ತವೆ. ಸಣ್ಣ ಕಲೆಗೆ ಇದು ಫಲಿಸಿದರೂ ಹೊಳಪು ಮಂಕಾಗುತ್ತದೆ. ಬೆಲೆಯುಳ್ಳ ಪೀಠೋಪಕರಣವನ್ನು ಪಾಲಿಷ್ ಮಾಡುವವರ ಕೈಗೆ ಒಪ್ಪಿಸುವುದೇ ಲೇಸು.

ಪ್ಲಾಸ್ಟಿಕ್ಕಿನ ಸಾಮಾನುಗಳಲ್ಲಿ ಉಗುರುಬಣ್ಣ ತೆಗೆಯುವ ಅಸಿಟೋನನ್ನು ಬಳಸಬಾರದು. ಹಲವು ಬಗೆಯ ಪ್ಲಾಸ್ಟಿಕ್ಕುಗಳನ್ನು ಅದು ಕರಗಿಸಿಬಿಡುತ್ತದೆ. ಬಹುಕಾಲ ಉಳಿದ ಬಣ್ಣವು ಪ್ಲಾಸ್ಟಿಕ್ಕಿನ ಒಳಗೇ ಇಳಿದಿರುವುದರಿಂದ ನೆರಳಿನಂಥ ಗುರುತು ಉಳಿಯಬಹುದು. ಸುಣ್ಣ ಅಥವಾ ಡಿಸ್ಟೆಂಪರ್ ಬಳಿದ ಗೋಡೆಯು ಹೀರುವ ಮೈಯುಳ್ಳದ್ದು. ಸ್ಪಿರಿಟ್ ತಾಗಿದೊಡನೆ ಗೆರೆ ಮೋಡದಂತೆ ಹರಡುತ್ತದೆ. ಅಲ್ಲಿ ಕಲೆಯ ಪದರವನ್ನು ಮೆಲ್ಲನೆ ಕೆರೆದು, ಕಲೆ ತಡೆಯುವ ಪ್ರೈಮರನ್ನು ಬಳಿದು, ಅನಂತರ ಬಣ್ಣ ಹಚ್ಚುವುದು ಸರಿಯಾದ ಕ್ರಮ.

ಸುರಕ್ಷತೆಯ ವಿಷಯದಲ್ಲಿ ಎರಡು ಮಾತುಗಳು ಅವಶ್ಯ. ಸ್ಪಿರಿಟ್ ಸುಲಭವಾಗಿ ಹೊತ್ತಿಕೊಳ್ಳುವ ದ್ರವ. ಒಲೆಯಿಂದಲೂ ದೀಪದಿಂದಲೂ ದೂರದಲ್ಲಿ, ಕಿಟಕಿ ತೆರೆದು ಬಳಸತಕ್ಕದ್ದು. ಎರಡನೆಯದಾಗಿ, ಒಂದು ದ್ರವದಿಂದ ಕಲೆ ಹೋಗಲಿಲ್ಲವೆಂದು ಅದರ ಮೇಲೆ ಇನ್ನೊಂದನ್ನು ಸುರಿಯಲಾಗದು. ಬ್ಲೀಚ್ ದ್ರವಕ್ಕೆ ಆಮ್ಲ ಬೆರೆತರೆ ವಿಷವಾದ ಕ್ಲೋರೀನ್ ಅನಿಲ ಹುಟ್ಟುತ್ತದೆ. ಬ್ಲೀಚಿಗೆ ಸ್ಪಿರಿಟ್ ಬೆರೆಸುವುದೂ ಅಪಾಯಕರ.

ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಈ ವಿಷಯದಲ್ಲಿ ವಿಶೇಷ ಹೊಣೆಯುಂಟು. ಮನೆಗಳ ಅಟ್ಟದಲ್ಲಿ ಓಲೆಗರಿಯ ಕಟ್ಟು, ಕಡತ, ಹಳೆಯ ಲೆಕ್ಕದ ಪುಸ್ತಕಗಳು ಇನ್ನೂ ಇರುವುದುಂಟು. ಅವುಗಳ ಮೇಲೆ ಮಾರ್ಕರಿನ ಗೆರೆ ಬಿದ್ದರೆ ಮೇಲೆ ಹೇಳಿದ ಯಾವ ಉಪಾಯವನ್ನೂ ಪ್ರಯೋಗಿಸಕೂಡದು. ಹಳೆಯ ಕಾಗದದ ಮೇಲೆ ಸ್ಪಿರಿಟ್ ಬಣ್ಣವನ್ನು ಹಿಂಬದಿಯವರೆಗೂ ಒಯ್ಯುತ್ತದೆ. ಇನ್ನು ಕಡತಕ್ಕೆ ಒದ್ದೆಬಟ್ಟೆಯೇ ಶತ್ರು: ಕರಿಯ ಕೊಳೆಯೆಂದು ತಿಳಿದು ಒರೆಸಿದರೆ ಒಂದು ಕುಟುಂಬದ ಲೆಕ್ಕ, ಒಂದು ಊರಿನ ವ್ಯವಹಾರ ಒಮ್ಮೆಗೇ ಅಳಿದುಹೋದೀತು. ಅಂಥ ವಸ್ತುವನ್ನು ಇದ್ದಂತೆಯೇ ಒಣಗಿದ ಜಾಗದಲ್ಲಿರಿಸಿ, ಹಸ್ತಪ್ರತಿ ಸಂರಕ್ಷಣೆಯನ್ನು ಬಲ್ಲವರಿಗೆ ತೋರಿಸಬೇಕು. ಕಲೆ ಬಿದ್ದ ದಾಖಲೆಯನ್ನು ಮುಂದೆಯೂ ಓದಬಹುದು; ತೊಳೆದುಹೋದ ದಾಖಲೆಯನ್ನು ಓದುವ ಉಪಾಯವಿಲ್ಲ.

ಒಟ್ಟಿನಲ್ಲಿ, ಆಧಾರವೊಂದನ್ನು ಪರೀಕ್ಷಿಸುವಾಗ ಇತಿಹಾಸಕಾರನು ಕೇಳುವ ಪ್ರಶ್ನೆಗಳನ್ನೇ ಇಲ್ಲಿಯೂ ಕೇಳಬೇಕಾಗಿದೆ: ಈ ಮಸಿ ಯಾವುದರಿಂದ ಆಗಿದೆ? ಅದು ಬಿದ್ದಿರುವ ಮೈ ಎಂಥದು? ಮೈಯ ಮೇಲಿದೆಯೆ, ಒಳಗಿಳಿದಿದೆಯೆ? ಈ ಮೂರಕ್ಕೆ ಉತ್ತರ ದೊರೆತ ಮೇಲೆ ಕೈಯಲ್ಲಿ ಬಟ್ಟೆ ಹಿಡಿಯುವುದು ಯುಕ್ತ.