ಏಕಾಕಿ ಕಣಜಗಳ ಲಕ್ಷಣಪರೀಕ್ಷೆ

ಹಾಸನದಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಕೊರವಂಗಲವು, ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1173ರಲ್ಲಿ, ಬೂಚಿರಾಜನು ಕಟ್ಟಿಸಿದ ಬೂಚೇಶ್ವರ ದೇವಾಲಯದಿಂದ ಹೆಸರಾದ ಊರು. ಹೊಯ್ಸಳ ಶಿಲ್ಪವನ್ನು ವಿವೇಚನೆಯಿಂದ ನೋಡಬಲ್ಲವರು ವಿಷ್ಣುವಿನ ಇಪ್ಪತ್ತನಾಲ್ಕು ಮೂರ್ತಿಭೇದಗಳನ್ನು ಮುಖದ ಚೆಲುವಿನಿಂದಾಗಲಿ ಕಿರೀಟದ ಕುಸುರಿಯಿಂದಾಗಲಿ ಗುರುತಿಸುವುದಿಲ್ಲ. ಶಂಖ ಚಕ್ರ ಗದಾ ಪದ್ಮಗಳು ಯಾವ ಯಾವ ಕೈಯಲ್ಲಿವೆಯೆಂಬ ಕ್ರಮವನ್ನು ನೋಡಿ, ಇದು ಕೇಶವ, ಇದು ನಾರಾಯಣ, ಇದು ಮಾಧವ ಎಂದು ನಿರ್ಣಯಿಸುತ್ತಾರೆ. ಈ ಸೀಮೆಯ ಮನೆಗಳ ತೊಲೆಗಳಲ್ಲಿ, ಕಿಟಕಿಯ ಮೂಲೆಗಳಲ್ಲಿ, ಹಳೆಯ ಮಂಟಪಗಳ ಸಂದುಗಳಲ್ಲಿ ಗೂಡು ಮಾಡುವ ಕಣಜಗಳನ್ನು ಗುರುತಿಸುವ ವಿದ್ಯೆಯೂ ಇದೇ ಬಗೆಯದು. ಕಣ್ಣಿಗೆ ಮೊದಲು ಬೀಳುವ ಬಣ್ಣವನ್ನು ಬದಿಗಿರಿಸಿ, ಅವಯವಗಳ ಲಕ್ಷಣವನ್ನು ಕ್ರಮವಾಗಿ ಪರೀಕ್ಷಿಸಿದವರಿಗೆ ಮಾತ್ರ ಅದು ಒಲಿಯುತ್ತದೆ.

ಕಣಜವೆಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ಗುಂಪುಗೂಡಿ ಬಾಳುವ, ಗೂಡನ್ನು ಮುಟ್ಟಿದರೆ ಮೇಲೆ ಬಿದ್ದು ಕಚ್ಚುವ ಹುಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ಅವರು ದೀರ್ಘಕಾಲ ಅಧ್ಯಯನ ಮಾಡಿದ ರೊಪಾಲಿಡಿಯಾ ಮಾರ್ಜಿನೇಟಾ ಅಂತಹ ಸಂಘಜೀವಿ. ಆದರೆ ಕಣಜಗಳಲ್ಲಿ ಬಹುಪಾಲು ಏಕಾಕಿಗಳು. ಅಲ್ಲಿ ರಾಣಿಯೂ ಇಲ್ಲ, ದಾಸಿಯರೂ ಇಲ್ಲ; ಹೆಣ್ಣೊಂದೇ ಗೂಡು ಕಟ್ಟಿ, ಬೇಟೆಯಾಡಿ, ಮೊಟ್ಟೆಯಿಟ್ಟು, ಬಾಗಿಲು ಮುಚ್ಚಿ ಹೊರಟುಹೋಗುತ್ತದೆ. ಕಾಯಬೇಕಾದ ಸಂಸಾರವಿಲ್ಲವಾದ್ದರಿಂದ, ಕೈಯಲ್ಲಿ ಹಿಡಿದು ಒತ್ತಿದ ಹೊರತು ಇವು ಮನುಷ್ಯರನ್ನು ಕಚ್ಚುವುದು ಅಪರೂಪ; ಹತ್ತಿರ ಕುಳಿತು ನೋಡುವವರಿಗೆ ಇದೊಂದು ದೊಡ್ಡ ಅನುಕೂಲ.

ಮೊದಲು ಎದುರಿಗಿರುವುದು ಕಣಜವೇ ಹೌದೆ ಎಂಬುದು ನಿಶ್ಚಯವಾಗಬೇಕು. ಹಳದಿ ಕಪ್ಪು ಪಟ್ಟೆ ಧರಿಸಿ ಕಣಜದ ವೇಷದಲ್ಲಿ ತಿರುಗುವ ನೊಣಗಳುಂಟು. ಅವುಗಳಿಗಿರುವುದು ಎರಡೇ ರೆಕ್ಕೆ, ರೆಕ್ಕೆಯುಳ್ಳ ಕಣಜಕ್ಕಾದರೋ ನಾಲ್ಕು. ಜೇನಿನ ಜಾತಿಯ ಹುಳುಗಳ ಮೈರೋಮವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕವಲೊಡೆದಿರುತ್ತದೆ, ಕಣಜದ ರೋಮ ಕವಲಿಲ್ಲದ ಎಳೆ. ಆಮೇಲೆ ಗಂಡುಹೆಣ್ಣಿನ ವಿಚಾರ: ಸಾಮಾನ್ಯವಾಗಿ ಹೆಣ್ಣಿನ ಮೀಸೆಯಲ್ಲಿ 12 ಗೆಣ್ಣು, ಗಂಡಿನದರಲ್ಲಿ 13, ಹೆಣ್ಣಿನ ಉದರದಲ್ಲಿ ಕಾಣುವ ಖಂಡಗಳು 6, ಗಂಡಿನಲ್ಲಿ 7. ಮೊಟ್ಟೆಯಿಡುವ ಅಂಗವೇ ಮಾರ್ಪಟ್ಟು ಕೊಂಡಿಯಾಗಿರುವುದರಿಂದ ಗಂಡಿಗೆ ಕೊಂಡಿಯಿಲ್ಲ.

ಮುಂದಿನ ಪರೀಕ್ಷೆ ರೆಕ್ಕೆಯದು. ಹುಳು ಕುಳಿತು ವಿಶ್ರಮಿಸುವಾಗ ಮುಂದಿನ ರೆಕ್ಕೆ ಉದ್ದುದ್ದಕ್ಕೆ ಮಡಿಚಿಕೊಂಡು ಕಿರಿದಾದ ಪಟ್ಟಿಯಂತೆ ತೋರಿದರೆ, ಕಣ್ಣಿನ ಒಳ ಅಂಚಿನಲ್ಲಿ ಕಚ್ಚು ಇದ್ದರೆ, ಕೊರಳಪಟ್ಟಿ ರೆಕ್ಕೆಯ ಬುಡದ ತನಕ ಹಿಂದಕ್ಕೆ ಚಾಚಿದ್ದರೆ, ಅದು ವೆಸ್ಪಿಡೀ ಕುಟುಂಬದ್ದು. ರೆಕ್ಕೆ ಮಡಿಚದೆ ಚಪ್ಪಟೆಯಾಗಿದ್ದು, ಕೊರಳಪಟ್ಟಿ ಗಿಡ್ಡವಾಗಿ, ಅದರ ದುಂಡನೆಯ ತುದಿ ರೆಕ್ಕೆಯ ಬುಡವನ್ನು ಮುಟ್ಟದೆ ನಿಂತಿದ್ದರೆ ಅದು ಸ್ಫೆಸಿಡೀ ಕುಟುಂಬದ ಕಡೆಯದು. ವೆಸ್ಪಿಡೀ ಕುಟುಂಬದಲ್ಲಿ ಸಂಘಜೀವಿಗಳೂ ಏಕಾಕಿಗಳೂ ಸೇರಿರುವುದರಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕಾಗುತ್ತದೆ. ಮಡಕೆಯಾಕಾರದ ಗೂಡು ಕಟ್ಟುವ ಯೂಮಿನೀಸ್ ಮತ್ತು ಡೆಲ್ಟಾ ಕುಲದ ಏಕಾಕಿಗಳಿಗೆ ಚೂರಿಯಂತೆ ನೀಳವಾದ ದವಡೆಗಳಿವೆ, ಪಾದದ ಉಗುರು ಸೀಳಿದೆ. ಕಾಗದದಂತಹ ಗೂಡು ಕಟ್ಟುವ ರೊಪಾಲಿಡಿಯಾಕ್ಕೆ ದವಡೆ ಗಿಡ್ಡ, ಉಗುರು ಒಂಟಿ. ಎರಡಕ್ಕೂ ನಡು ಸಣ್ಣದೇ, ಎರಡರ ಬಣ್ಣವೂ ಕೆಲವೊಮ್ಮೆ ಕೆಂಗಂದೇ; ಭೇದ ಹೇಳುವುದು ಉಗುರು.

ಮನೆಯ ಗೋಡೆಗೆ ಮಣ್ಣು ಮೆತ್ತುವ ಕಣಜವನ್ನು ಹತ್ತಿರದಿಂದ ನೋಡಿ. ಕೆರೆಯ ಅಂಚಿನಲ್ಲೋ ಬೋರಿನ ಬಳಿಯ ಕೆಸರಿನಲ್ಲೋ ಇದು ತಲೆ ತಗ್ಗಿಸಿ, ಉದರವನ್ನು ಮೇಲಕ್ಕೆತ್ತಿ ನಿಂತು, ದವಡೆಯಿಂದ ಹಸಿಮಣ್ಣನ್ನು ಉಂಡೆಗಟ್ಟುತ್ತದೆ. ಮೈ ಕಪ್ಪು, ಕಾಲುಗಳಲ್ಲಿ ಹಳದಿ, ಎದೆಗೂ ಉದರಕ್ಕೂ ನಡುವೆ ನೂಲಿನಂತಹ ಹಳದಿಯ ತೊಟ್ಟು. 1781ರಲ್ಲಿ ಫ್ಯಾಬ್ರಿಶಿಯಸ್ ಎಂಬ ಡೆನ್ಮಾರ್ಕಿನ ಪಂಡಿತನು ಮದ್ರಾಸಿನ ಹೆಸರನ್ನಿಟ್ಟು ವರ್ಣಿಸಿದ ಸ್ಕೆಲಿಫ್ರಾನ್ ಮದ್ರಾಸ್ಪಟಾನಮ್ ಇದೇ. ನಾವು ಸೊಂಟವೆನ್ನುವ ಆ ತೊಟ್ಟು ನಿಜವಾಗಿ ಉದರದ ಆರಂಭವೂ ಅಲ್ಲ. ಉದರದ ಮೊದಲ ಖಂಡ ಎದೆಯೊಡನೆ ಬೆಸೆದುಹೋಗಿದ್ದು, ಅದಕ್ಕೂ ಎರಡನೆಯ ಖಂಡಕ್ಕೂ ನಡುವೆ ಈ ಕೃಶತೆ ಏರ್ಪಟ್ಟಿದೆ. ಇದರ ಪ್ರಯೋಜನವಾದರೂ ಸ್ಪಷ್ಟ: ಉದರವನ್ನು ಬೇಕಾದ ಕಡೆಗೆ ಬಗ್ಗಿಸಿ, ಬೇಟೆಯ ಮೈಯಲ್ಲಿ ಬೇಕಾದ ಸ್ಥಳಕ್ಕೇ ಕೊಂಡಿಯನ್ನು ಇಳಿಸಲು ಅನುಕೂಲ.

ಬಣ್ಣವನ್ನು ನಂಬಿದವರು ಎಡವುವುದು ನೀಲಿ ಹಸಿರು ಲೋಹಕಾಂತಿಯ ಕಣಜಗಳಲ್ಲಿ. ಕ್ಯಾಲಿಬಿಯಾನ್ ಬೆಂಗಾಲೆನ್ಸೆ ಉಕ್ಕಿನ ನೀಲಿ, ನಡು ನೀಳ; ತಾನೇ ಗೂಡು ಕಟ್ಟದೆ ಬಿದಿರಿನ ತೂತು, ಬೀಗದ ಕಿಂಡಿ, ಬಿಟ್ಟುಹೋದ ಮಣ್ಣುಗೂಡು ಇವುಗಳಲ್ಲಿ ಜೇಡಗಳನ್ನು ತುಂಬುತ್ತದೆ. ಆಂಪ್ಯುಲೆಕ್ಸ್ ಕಂಪ್ರೆಸ್ಸಾ ಪಚ್ಚೆಯ ಹೊಳಪಿನದು. ಅದರ ನಡುಗಾಲು ಹಿಂಗಾಲುಗಳ ತೊಡೆ ಕೆಂಪು, ಇದೊಂದೇ ಗುರುತು ಸಾಕು. ಅದರ ಬೇಟೆ ಜಿರಲೆ: ಒಮ್ಮೆ ಎದೆಗೆ, ಇನ್ನೊಮ್ಮೆ ನೇರ ಮಿದುಳಿಗೆ ಕುಟುಕಿ, ಸ್ವೇಚ್ಛೆಯನ್ನು ಕಳೆದುಕೊಂಡ ಜಿರಲೆಯನ್ನು ಮೀಸೆ ಹಿಡಿದು ಬಿಲಕ್ಕೆ ನಡೆಸಿಕೊಂಡು ಹೋಗುತ್ತದೆ. ಮೂರನೆಯದು ಕ್ರೈಸಿಡಿಡೀ ಕುಟುಂಬದ ಕೋಗಿಲೆ ಕಣಜ. ಮೈಯೆಲ್ಲ ಒರಟಾದ ಕುಳಿಗಳು, ಉದರದಲ್ಲಿ ಸಾಮಾನ್ಯವಾಗಿ ಮೂರೇ ಖಂಡ, ಉದರದ ತಳ ಒಳಕ್ಕೆ ತಗ್ಗು. ಅಪಾಯ ಬಂದರೆ ಉಂಡೆಯಾಗಿ ಸುರುಳಿಗೊಳ್ಳುತ್ತದೆ. ಇದು ಅನ್ಯರ ಗೂಡಿನಲ್ಲಿ ಮೊಟ್ಟೆಯಿಡುವ ಪರೋಪಜೀವಿ. ದೂರದಿಂದ ಒಂದೇ ಎನ್ನಿಸುವ ಮೂವರಲ್ಲಿ ಒಬ್ಬನು ಜೇಡದ ಬೇಟೆಗಾರ, ಒಬ್ಬನು ಜಿರಲೆಯ ಯಮ, ಒಬ್ಬನು ಪರರ ಮನೆಯ ಕಳ್ಳ.

ಕಾಲಿನ ಲಕ್ಷಣವೂ ಗಮನಾರ್ಹ. ನೀಳವಾದ ಹಿಂಗಾಲುಗಳುಳ್ಳ, ನೆಲದ ಮೇಲೆ ರೆಕ್ಕೆ ಕೊಡವುತ್ತ ಚಡಪಡಿಸಿ ಓಡಾಡುವ ಕಣಜ ಪಾಂಪಿಲಿಡೀ ಕುಟುಂಬದ್ದು. ಇದು ಒಂದು ಮರಿಗೆ ಒಂದೇ ದೊಡ್ಡ ಜೇಡವನ್ನು ಎಳೆದೊಯ್ಯುತ್ತದೆ. ಹೊಳೆನರಸೀಪುರದ ಹೇಮಾವತಿಯ ದಂಡೆಯಂತಹ ಮರಳು ನೆಲ ಬೆಂಬಿಕ್ಸ್ ಕುಲದ ಕಣಜಗಳಿಗೆ ಪ್ರಿಯ. ಮುಂಗಾಲಿನಲ್ಲಿ ಕುಂಟೆಯ ಹಲ್ಲಿನಂತಹ ಮುಳ್ಳಿನ ಸಾಲು, ಬಾಯ ಮುಂದೆ ಕೊಕ್ಕಿನಂತೆ ಚಾಚಿದ ತುಟಿ, ಬೇಟೆ ನೊಣ. ಸ್ಥೂಲವಾದ ರೋಮಮಯ ಮೈಯಿದ್ದು, ರೆಕ್ಕೆಯ ತುದಿಯಲ್ಲಿ ಸಣ್ಣ ಸಣ್ಣ ನೆರಿಗೆಗಳಿದ್ದರೆ ಅದು ಸ್ಕೋಲಿಡೀ; ಮಣ್ಣನ್ನೂ ತಿಪ್ಪೆಯನ್ನೂ ಬಗೆದು ದುಂಬಿಗಳ ಗೊಣ್ಣೆಹುಳುವಿನ ಮೇಲೆ ಮೊಟ್ಟೆಯಿಡುತ್ತದೆ. ಮಖಮಲ್ಲಿನ ಇರುವೆಯೆಂದು ಭ್ರಮಿಸುವ ಮ್ಯೂಟಿಲ್ಲಿಡೀ ಕುಟುಂಬದ ಹೆಣ್ಣಿಗಾದರೋ ರೆಕ್ಕೆಯೇ ಇಲ್ಲ.

ಗೂಡು ಸ್ವತಃ ಒಂದು ಲಕ್ಷಣವೇ. ಮಡಕೆ ಕಣಜದ ಗೂಡಿಗೆ ಹೊರಚಾಚಿದ ಬಾಯಂಚಿರುತ್ತದೆ, ಒಳಗೆ ಹಸಿರು ಹುಳುಗಳಿರುತ್ತವೆ. ಸ್ಕೆಲಿಫ್ರಾನಿನ ಗೂಡಿನಲ್ಲಿ ನೀಳ ಕೋಣೆಗಳು ಪಕ್ಕಪಕ್ಕದಲ್ಲಿ ಸೇರಿರುತ್ತವೆ, ಒಳಗೆ ಜೇಡಗಳು. ಫ್ರಾನ್ಸಿನ ಕೀಟಶಾಸ್ತ್ರಜ್ಞ ಜ್ಯಾಂ ಹೆನ್ರಿ ಫಾಬ್ರ್ (1823–1915) ಮಡಕೆಗೂಡೊಂದನ್ನು ಜಾಗರೂಕತೆಯಿಂದ ತೆರೆದು ನೋಡಿದಾಗ, ಮೊಟ್ಟೆಯು ಛಾವಣಿಯಿಂದ ನೂಲಿನಲ್ಲಿ ತೂಗುತ್ತಿರುವುದು ಕಂಡಿತು. ಕೆಳಗೆ ಮಿಸುಕಾಡುವ ಹುಳುಗಳ ತಾಕುವಿಕೆಯಿಂದ ಅದು ಪಾರಾಗಿತ್ತು. ಭ್ರಮರಕೀಟ ನ್ಯಾಯವೆಂದು ನಮ್ಮ ವೇದಾಂತಿಗಳು ಹೇಳುವುದುಂಟು: ಗೂಡಿನಲ್ಲಿ ಸೆರೆಯಾದ ಕೀಟವು ಭ್ರಮರವನ್ನೇ ಧ್ಯಾನಿಸುತ್ತ ತಾನೇ ಭ್ರಮರವಾಗುತ್ತದೆ ಎಂಬುದು ಅದರ ತಾತ್ಪರ್ಯ. ದೃಷ್ಟಾಂತವಾಗಿ ಅದು ಸುಂದರವೇ ಸರಿ. ಪ್ರಕೃತಿಯಲ್ಲಿ ನಡೆಯುವುದು ಬೇರೆ. ಮೊಟ್ಟೆಯೊಡೆದ ಮರಿ, ತಾಯಿ ಸಾಯಿಸದೆ ಸ್ತಬ್ಧಗೊಳಿಸಿಟ್ಟ ಹುಳುವನ್ನು ತಿಂದು ಬೆಳೆದು, ಕೋಶದೊಳಗೆ ರೂಪಾಂತರ ಹೊಂದಿ, ಮಣ್ಣನ್ನು ಕೊರೆದು ಹೊರಬರುತ್ತದೆ.

ಈ ವಿದ್ಯೆಗೆ ಬೇಕಾದ ಸಾಧನ ಸ್ವಲ್ಪ: ಹತ್ತು ಪಟ್ಟು ಹಿರಿದು ತೋರುವ ಮಸೂರ, ಮೊಬೈಲಿನ ಛಾಯಾಚಿತ್ರ, ಟಿಪ್ಪಣಿ ಪುಸ್ತಕ. ಮೇಲಿನಿಂದ, ಪಕ್ಕದಿಂದ, ಮುಖದೆದುರಿನಿಂದ ಚಿತ್ರ ತೆಗೆದು, ಸ್ಥಳ, ದಿನ, ಬೇಟೆ, ಗೂಡು ಇವುಗಳನ್ನು ಬರೆದಿಟ್ಟರೆ ಕುಟುಂಬವನ್ನೂ ಅನೇಕ ವೇಳೆ ಕುಲವನ್ನೂ ಹೇಳಬಹುದು. ಪ್ರಭೇದದ ನಿರ್ಣಯಕ್ಕಾದರೋ ರೆಕ್ಕೆಯ ನರಗಳು, ಕುಳಿಗಳ ಸಾಂದ್ರತೆ, ಗಂಡಿನ ಜನನಾಂಗ ಇವುಗಳ ಪರೀಕ್ಷೆ ಬೇಕಾಗುವುದರಿಂದ ತಜ್ಞರ ಮೊರೆಹೋಗುವುದೇ ಯುಕ್ತ. ಸಿ. ಟಿ. ಬಿಂಗಮ್ 1897ರಲ್ಲಿ ಭಾರತದ ಕಣಜ ಮತ್ತು ಜೇನುಗಳನ್ನು ಕುರಿತು ಪ್ರಕಟಿಸಿದ ಸಂಪುಟವು ಇಂದಿಗೂ ಇಲ್ಲಿನ ಅಧ್ಯಯನಕ್ಕೆ ತಳಹದಿ.

ಚನ್ನರಾಯಪಟ್ಟಣದ ತೆಂಗಿನ ತೋಟದ ತಿಪ್ಪೆಯ ಮೇಲೆ ರೋಮಭರಿತವಾದ ಕಪ್ಪು ಕಣಜವೊಂದು ತಗ್ಗಿ ಹಾರುತ್ತಿರುವುದನ್ನು ಕಂಡ ರೈತನು ಅದನ್ನು ಬರಿಯ ಕಚ್ಚುವ ಹುಳುವೆಂದು ತಿಳಿದರೆ ಔಷಧಿ ಹೊಡೆಯುತ್ತಾನೆ. ಸ್ಕೋಲಿಡೀ ಎಂದು ಬಲ್ಲವನಾದರೆ, ಗೊಣ್ಣೆಹುಳುವಿನ ಶತ್ರು ತನ್ನ ಹೊಲಕ್ಕೆ ಸಂಬಳವಿಲ್ಲದೆ ಬಂದಿದೆಯೆಂದು ಅರಿತು ಸಿಂಪಡಿಕೆಯ ಕೈಯನ್ನು ತಡೆಯುತ್ತಾನೆ. ಹಸಿರು ಹುಳು ಹಿಡಿಯುವ ಮಡಕೆ ಕಣಜದ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಯಾವುದನ್ನು ಕೊಲ್ಲಬೇಕು, ಯಾವುದನ್ನು ಬಾಳಗೊಡಬೇಕು ಎಂಬ ವಿವೇಕವು ಇದು ಯಾರೆಂಬ ಪ್ರಶ್ನೆಗೆ ಸರಿಯಾದ ಉತ್ತರ ದೊರೆತ ಮೇಲೆಯೇ ಸಾಧ್ಯ. ಆದುದರಿಂದ ನಮ್ಮ ಶಾಲೆಯ ಮಕ್ಕಳಿಗೂ ಒಕ್ಕಲುಮಕ್ಕಳಿಗೂ ಮಸೂರವೊಂದನ್ನು ಕೊಟ್ಟು ಈ ಲಕ್ಷಣಪರೀಕ್ಷೆಯನ್ನು ಕಲಿಸುವುದು ಅತ್ಯಂತ ಅವಶ್ಯವಾದ ಕೆಲಸ.