ಮೇಣದಬತ್ತಿ: ಬೆಳಕಿರಲಿ, ಬೆಂಕಿ ಬೇಡ

ಕರೆಂಟ್ ಹೋದ ಕೂಡಲೇ ನೆನಪಾಗುವುದು ಮೇಣದಬತ್ತಿ. ಅದರಲ್ಲಿ ಉರಿಯುವುದು ಬರೀ ಬತ್ತಿಯಲ್ಲ; ಕರಗಿದ ಮೇಣ ಬತ್ತಿಯಲ್ಲಿ ಮೇಲೇರಿ, ಆವಿಯಾಗಿ ಉರಿಯುತ್ತದೆ. ಬತ್ತಿ ಉದ್ದವಾದಷ್ಟೂ ಜ್ವಾಲೆಯೂ ಹೊಗೆಯೂ ಹೆಚ್ಚು. ಆದ್ದರಿಂದ ಹಚ್ಚುವ ಮುನ್ನ ಬತ್ತಿಯನ್ನು ಕಾಲು ಅಂಗುಲಕ್ಕೆ ಕತ್ತರಿಸಿರಿ.

ಪ್ಲಾಸ್ಟಿಕ್ ಡಬ್ಬಿ ಅಥವಾ ಟಿ.ವಿ. ಮೇಲೆ ಅಂಟಿಸಬೇಡಿರಿ. ಸ್ಟೀಲ್ ತಟ್ಟೆಯ ನಡುವೆ ಗಟ್ಟಿಯಾಗಿ ನಿಲ್ಲಿಸಿ, ಹಾಸಿಗೆ, ಸೊಳ್ಳೆಪರದೆ, ಪುಸ್ತಕಗಳಿಂದ ಕನಿಷ್ಠ ಒಂದು ಅಡಿ ದೂರವಿಡಿರಿ. ಸೀರೆಯ ಸೆರಗು ಜೋಕೆ; ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಗ್ಯಾಸಿನ ವಾಸನೆ ಬಂದರೆ ಕಡ್ಡಿ ಗೀರಲೇಬಾರದು. ಮಲಗುವ ಮುನ್ನ ಮರೆಯದೆ ಆರಿಸಿರಿ.

ಬಟ್ಟೆಗೆ ಬೆಂಕಿ ತಗುಲಿದರೆ ಓಡಬಾರದು. ಓಡಿದರೆ ಗಾಳಿಗೆ ಬೆಂಕಿ ಹೆಚ್ಚುತ್ತದೆ. ನೆಲದ ಮೇಲೆ ಉರುಳಬೇಕು. ಹತ್ತಿರದವರು ದಪ್ಪ ಕಂಬಳಿ ಹೊದಿಸಿ ಆರಿಸಬೇಕು. ಸುಟ್ಟ ಭಾಗದ ಮೇಲೆ 20 ನಿಮಿಷ ನಲ್ಲಿಯ ತಣ್ಣೀರು ಹರಿಯಬಿಡಿರಿ. ಬಾವು ಬರುವ ಮುನ್ನ ಬಳೆ, ಉಂಗುರ ತೆಗೆಯಿರಿ. ಟೂತ್‌ಪೇಸ್ಟ್, ಶಾಯಿ, ಅರಿಸಿನ ಹಚ್ಚಬೇಡಿರಿ. ಗುಳ್ಳೆ ಒಡೆಯಬೇಡಿರಿ, ಅಂಟಿದ ಬಟ್ಟೆ ಕೀಳಬೇಡಿರಿ. ಮುಖ, ಕೈ ಸುಟ್ಟಿದ್ದರೆ ಅಥವಾ ಸುಟ್ಟದ್ದು ಮಗುವಿಗಾದರೆ, ಗಾಯ ಸಣ್ಣದೆಂದು ಕಾಯದೆ ಆಸ್ಪತ್ರೆಗೆ ಕರೆತನ್ನಿರಿ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿರಿ.